ಕಾಕುಗೆ ನಾವು ಕಲಿಸಿದ್ದು

ಬಸವನ ಬಾಗೇವಾಡಿಯ ಮೈದಾನಕ್ಕೆ ಕಾಲಿಟ್ಟ ಕೂಡಲೇ ನಾನು ಕಿರುಚಿಬಿಟ್ಟೆ. ಪೆಂಡಾಲಿನ ಮುಂದಿನ ಸಾಲಿನಲ್ಲಿ, ದೊಡ್ಡ ಮಂದಿ ಕೂರುವ ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳ ಬೆನ್ನಿಗೆ, ನಮ್ಮ ಹೆಸರು ಅಂಟಿಸಿದ್ದರು! ಸಿಂದಗಿ ಕಾಲೇಜಿನ ಖೊಖೊ ಹುಡುಗಿಯರಾದ ನಮ್ಮ ಹೆಸರು! ‘ಸುವರ್ಣಾ, ಆಲಮೇಲ’ ಎಂದು ನನ್ನದೂ ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಯಂತ್ರದ ಗುರು’.

“ಲೇ, ನೋಡ್ರಿಲೇ ಇಲ್ಲಿ! ನಾ ಗುರು ಆಗೇನಿ!”

“ಮಗ್ಗಿ ಹೇಳಂದ್ರ ಮಾರಿ ಮ್ಯಾಲ ಮಾಡಾಕಿ, ನೀ ಯಾರಿಗಿ ಗುರುನಲೇ?” ಎಂದು ಸುಲ್ತಾನಾ ಅಕ್ಕ ನನ್ನ ತಲೆಗೆ ಮೊಟಕಿದಳು.

ಅಕ್ಕ ನಮ್ಮ ತಂಡದ ಕ್ಯಾಪ್ಟನ್. ಅವಳ ಕುರ್ಚಿ ನಟ್ಟನಡುವೆ ಇತ್ತು. ಅದರ ಮೇಲೆ ಯಾರೋ ಒಂದು ಸೇವಂತಿಗೆ ಹೂವನ್ನೂ ಇಟ್ಟಿದ್ದರು. ಅದನ್ನೆತ್ತಿ ನನ್ನ ಜಡೆಗೆ ಸಿಕ್ಕಿಸಿ ಧಪ್ಪೆಂದು ಕೂತಳು. ಕೂತ ಮೇಲೆ ಬಲಗಾಲನ್ನು ಮೆಲ್ಲಗೆ ಮುಂದಕ್ಕೆ ಚಾಚಿದಳು. ಅದನ್ನು ನಾನೊಬ್ಬಳೇ ಗಮನಿಸಿದೆ. ಗಮನಿಸಿ ಸುಮ್ಮನಾದೆ, ಯಾವಾಗಲೂ ಸುಮ್ಮನಾಗುವಂತೆ.

ಅವತ್ತು ಅಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ಕಡೆಯ ಹೈಸ್ಕೂಲು ಹುಡುಗಿಯರ ಖೊಖೊ ಇತ್ತು. ನನ್ನ ತಂಗಿ ಭಾಗ್ಯಾ ಸಿಂದಗಿ ತಂಡದಲ್ಲಿದ್ದಳು. ಹತ್ತನೇ ತರಗತಿ, ಓದು ಅಷ್ಟಕ್ಕಷ್ಟೇ, ಓಟ ಮಾತ್ರ ಬಿರುಗಾಳಿ. ಆಟ ಶುರುವಾಗುವ ಮೊದಲು ಇನ್ನೊಂದು ಕಾರ್ಯಕ್ರಮವಿತ್ತು. ನಾವು ಕಲಿಸಿದ ಯಂತ್ರವನ್ನು ನಾಲ್ಕೂ ತಾಲ್ಲೂಕಿನ ಆಟದ ಮೇಷ್ಟ್ರುಗಳಿಗೆ ಕೊಡುವ ಕಾರ್ಯಕ್ರಮ. ನಮಗೆ ಬಿಳಿ ಕುರ್ಚಿ ಸಿಕ್ಕಿದ್ದು ಅದಕ್ಕೇ.

ಯಂತ್ರ ಎಂದರೆ ಕಬ್ಬಿಣದ್ದಲ್ಲ, ಫೋನಿನಲ್ಲಿರುವ ಒಂದು ಆ್ಯಪ್. ಮಾಡಿದವರು ವಿಜಯಪುರದ ಡಾಕ್ಟರ್ ಅಮಿತ. ಆಟಗಾರರ ಎಲುಬು ಕೀಲುಗಳನ್ನು ನೋಡುವ ಡಾಕ್ಟರ್. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ನಮ್ಮ ಕಾಲೇಜಿಗೆ ಬಂದು, ಗಾಯ ದೊಡ್ಡದಾಗುವ ಮೊದಲೇ ಎಚ್ಚರಿಸುವ ಕೃತಕ ಬುದ್ಧಿಯೊಂದನ್ನು ತಯಾರು ಮಾಡುತ್ತಿದ್ದೇನೆ ಎಂದರು.

“ಪುಸ್ತಕದಾಗಿನ ಮೈ ನನಗ ಬ್ಯಾಡ. ಈ ಮಣ್ಣಾಗ ಓಡೋ ಮೈ ಬೇಕು. ಇದಕ್ಕ ಕಲಸಾವ್ರು ನಾನಲ್ಲ, ನೀವು,” ಎಂದಾಗ ನಮಗೆ ಆದ ಖುಷಿ ಅಷ್ಟಿಷ್ಟಲ್ಲ. ಅಲ್ಲಿಯವರೆಗೆ ನಮ್ಮನ್ನು ಯಾರೂ ಏನನ್ನೂ ಕಲಿಸಿ ಎಂದು ಕೇಳಿರಲಿಲ್ಲ.

ಕಲಿಸುವ ರೀತಿ ಸರಳ. ಖೊಖೊ ಅಂಕಣದ ಎರಡೂ ತುದಿಗೆ ಒಂದೊಂದು ಕಂಬ ಇರುತ್ತದಲ್ಲ, ಬೆನ್ನಟ್ಟುವವಳು ಅದನ್ನು ಒಂದು ಕೈಯಲ್ಲಿ ಹಿಡಿದು ಗಿರ್ರನೆ ತಿರುಗಿ ಆಚೆ ಬದಿಗೆ ಹೋಗುತ್ತಾಳೆ. ಆ ಕಂಬದ ಪಕ್ಕ ಸ್ಟ್ಯಾಂಡಿನ ಮೇಲೆ ಫೋನು ನಿಲ್ಲಿಸುತ್ತಿದ್ದರು. ಫೋನು ನಮ್ಮ ತಿರುವನ್ನು ವಿಡಿಯೋ ಮಾಡಿ, ಮೈಯ ಒಂದೊಂದು ಕೀಲಿಗೆ ಒಂದೊಂದು ಚುಕ್ಕೆ ಇಟ್ಟು, ಚುಕ್ಕೆಗಳಿಗೆ ಗೆರೆ ಎಳೆಯುತ್ತಿತ್ತು. ಪರದೆಯ ಮೇಲೆ ನಾವೆಲ್ಲ ಓಡಾಡುವ ರಂಗೋಲಿಗಳು! ಆಟ ಮುಗಿದ ಮೇಲೆ ಅದೇ ಫೋನು ಹೆಂಗಸಿನ ದನಿಯಲ್ಲಿ ಕೇಳುತ್ತಿತ್ತು: “ಇಂದು ನಿಮ್ಮ ಶರೀರದ ಯಾವ ಭಾಗದಲ್ಲಿ ವೇದನೆಯಿದೆ?”

ಮೊದಲ ದಿನ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮ ಚಿಕ್ಕಪ್ಪನ ಹೆಂಡತಿ, ನಮ್ಮ ಕಾಕು, ಹೀಗೇ ಮನೆಗೆ ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ ಎಲ್ಲಿ ನೋವು, ಏನು ನೋವು ಎಂದು ವಿಚಾರಿಸುತ್ತಾಳೆ. ನಾನು “ಥೇಟ್ ನಮ್ಮ ಕಾಕೂನ ನೋಡ್ರಿ!” ಎಂದೆ. ಅವತ್ತಿನಿಂದ ಆ್ಯಪಿಗೆ ಕಾಕು ಎಂದೇ ಹೆಸರಾಯಿತು. ಡಾಕ್ಟರೂ ಹಾಗೆಯೇ ಕರೆಯತೊಡಗಿದರು.

ಯಾವ ತಿರುವಿನ ಜೊತೆ ಯಾವ ನೋವು ಬರುತ್ತದೆ ಎಂದು ಕಾಕು ಕಲಿಯಬೇಕು. ಕಲಿತು ಮುಗಿದ ಮೇಲೆ ಅವಳು ಯಾರನ್ನೂ ಕೇಳುವುದಿಲ್ಲ. ಬರೀ ನೋಡಿ ಹೇಳುತ್ತಾಳೆ. ಹಸಿರು ಬಂದರೆ ಆಡು, ಕೆಂಪು ಬಂದರೆ ನಿಲ್ಲು.

ಆದರೆ ನಮ್ಮ ತಂಡಕ್ಕೊಂದು ಪದ್ಧತಿಯಿತ್ತು. ಅಂಕಣಕ್ಕೆ ಇಳಿಯುವ ಮೊದಲು ಸುಲ್ತಾನಾ ಅಕ್ಕ “ಹೆಂಗದೀರಿ?” ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ನಾವು “ಆರಾಮ!” ಎಂದು ಮೈದಾನ ನಡುಗುವಂತೆ ಕೂಗುತ್ತಿದ್ದೆವು. ಇದು ಮುದ್ದೇಬಿಹಾಳದ ಒಂದು ಫೈನಲ್‌ನಲ್ಲಿ ಶುರುವಾಗಿದ್ದು. ಅಕ್ಕನ ಮೊಣಕಾಲಿನಿಂದ ರಕ್ತ ಇಳಿಯುತ್ತಿದ್ದಾಗ ಎದುರಾಳಿ ಹುಡುಗಿ ಅಣಕಿಸುತ್ತ “ಹೆಂಗದೀಯವಾ?” ಎಂದಳಂತೆ. ಅಕ್ಕ ಮಣ್ಣು ಹಿಡಿ ತುಂಬಿಕೊಂಡು ಗಾಯಕ್ಕೆ ಒತ್ತಿ “ಆರಾಮ!” ಎಂದಳಂತೆ. ನಾವು ಗೆದ್ದೆವು. ಅಲ್ಲಿಂದ ಆ ಮಾತು ನಮಗೆ ಜಯಕಾರ.

ನಮಗೂ ಸಿಂದಗಿಯ ಹೈಸ್ಕೂಲು ತಂಡಕ್ಕೂ ಕೋಚ್ ಆಗಿದ್ದ ದುಂಡೇಶ ಸರ್‌ಗೂ ಅದೇ ಬೇಕಾಗಿತ್ತು. “ನೂಸ್ತೈತಿ ಅನ್ನಾಕಿ ಹೊರಗ ಕುಂಡ್ರಬೇಕು. ಆರಾಮ ಅನ್ನಾಕಿ ಒಳಗ ಬರ್ಬೇಕು. ಇಷ್ಟ ನಮ್ಮ ಕಾಯ್ದೆ!” ಎನ್ನುತ್ತಿದ್ದರು. ನೋವಿದೆ ಎಂದು ಹೇಳಿ ಹೊರಗೆ ಕೂರುವುದು ಯಾರಿಗೆ ಬೇಕು?

ಹೀಗಾಗಿ ಕಾಕು ಕೇಳಿದಾಗಲೆಲ್ಲ ನಾವು ಸಾಲಾಗಿ ಬಂದು ಫೋನಿಗೆ ಬಾಯಿಟ್ಟು “ಆರಾಮ ಕಾಕು!” ಎಂದು ಹೇಳಿ ಓಡುತ್ತಿದ್ದೆವು. ಒಬ್ಬಳು ಹಾಡಿನ ಧಾಟಿಯಲ್ಲಿ, ಒಬ್ಬಳು ಮುದುಕಿಯ ದನಿಯಲ್ಲಿ. ನಾನಂತೂ ಒಮ್ಮೆ ಮುತ್ತೂ ಕೊಟ್ಟಿದ್ದೆ.

“ಏನ್ರಿ ಸರ, ಒಬ್ಬಾಕಿಗೂ ಒಂದ ದಿನಾನೂ ಏನೂ ನೂಸಂಗಿಲ್ಲೇನು?” ಎಂದು ಡಾಕ್ಟರ್ ಒಮ್ಮೆ ಕೇಳಿದ್ದರು.

“ರೊಟ್ಟಿ ಹಿಂಡಿ ತಿಂದ ಮೈ ರಿ ಡಾಕ್ಟರ. ಕಬ್ಬಿಣ!” ಎಂದು ದುಂಡೇಶ ಸರ್ ತಮ್ಮ ಎದೆಯನ್ನೇ ತಟ್ಟಿಕೊಂಡಿದ್ದರು. ಡಾಕ್ಟರ್ ನಕ್ಕುಬಿಟ್ಟರು. ಆಟಗಾರರ ಮಾತನ್ನು ನಂಬಬೇಕು ಎಂದೇ ಅಲ್ಲವೇ ಅವರು ನಮ್ಮ ಬಳಿಗೆ ಬಂದದ್ದು!

ದೀಪಾವಳಿ ಹಿಂದೆಮುಂದೆ ಇಂಡಿಯವರ ಜೊತೆ ಒಂದು ಪಂದ್ಯವಾಯಿತು. ಕಂಬ ತಿರುಗುವಾಗ ಅಕ್ಕನ ಬಲಗಾಲಿನಿಂದ ಒಣ ಕಡ್ಡಿ ಮುರಿದ ಹಾಗೆ ‘ಟಕ್’ ಎಂದದ್ದು ಪಕ್ಕದ ಚೌಕದಲ್ಲಿ ಕೂತಿದ್ದ ನನಗೆ ಕೇಳಿಸಿತು. ಆಟ ಮುಗಿದ ಮೇಲೆ ಅವಳು ಫೋನಿನ ಹತ್ತಿರ ಹೋಗಿ “ಆರಾಮ ಕಾಕು” ಎಂದಳು. ವಾಪಸು ಬರುವಾಗ ಬಸ್ಸಿನಲ್ಲಿ ಕಾಲನ್ನು ನನ್ನ ತೊಡೆಯ ಮೇಲಿಟ್ಟು, ಕಿಟಕಿಯ ಕಡೆ ಮುಖ ಮಾಡಿ ಕೂತಳು. ದಾರಿಯುದ್ದಕ್ಕೂ ನಾನು ಸಾಕ್ಸಿನ ಮೇಲಿಂದಲೇ ಒತ್ತುತ್ತ ಬಂದೆ.

“ಯಾರಿಗರ ಹೇಳಿದಿ ಅಂದ್ರ ನೋಡು,” ಎಂದಳು ಇಳಿಯುವ ಮುಂಚೆ. “ರಾಜ್ಯ ತಂಡದ ಕ್ಯಾಂಪಿಗಿ ನನ್ನ ಹೆಸರು ಹ್ವಾದ ಮ್ಯಾಲ ಬೇಕಾದ್ರ ಡಂಗುರಾ ಹೊಡಿ.”

ಆಮೇಲೆ ಅವಳ ತಿರುವಿಗೆ ಒಂದು ಸಣ್ಣ ಕುಪ್ಪಳಿಕೆ ಸೇರಿಕೊಂಡಿತು. ಕಂಬ ಬಿಟ್ಟು ಬಲಗಾಲು ಊರಿದ ಕೂಡಲೇ, ಕಾದ ಹಂಚಿಗೆ ತಾಗಿದಂತೆ, ಅದನ್ನು ಪಟ್ಟನೆ ಎತ್ತಿ ಎಡಗಾಲಿಗೆ ಹಾರುತ್ತಿದ್ದಳು. ಎಷ್ಟು ಚುರುಕೆಂದರೆ ನೋಡುವವರಿಗೆ ಚಂದ ಕಾಣುತ್ತಿತ್ತು. ತಾಲ್ಲೂಕಿನ ಸಣ್ಣ ಹುಡುಗಿಯರು ‘ಸುಲ್ತಾನಕ್ಕನ ಸ್ಟೈಲ್’ ಎಂದು ಅದನ್ನು ನಕಲು ಮಾಡುವುದಕ್ಕೂ ಶುರುಮಾಡಿದರು. ಅದೇ ಕುಪ್ಪಳಿಕೆಯಲ್ಲಿ ಅವಳು ಪಂದ್ಯ ಗೆಲ್ಲಿಸಿದಳು, ರಾಜ್ಯ ಕ್ಯಾಂಪಿಗೆ ಆಯ್ಕೆಯೂ ಆದಳು. ಹೊರಡುವುದು ಬಾಗೇವಾಡಿಯ ಈ ಕಾರ್ಯಕ್ರಮ ಮುಗಿದ ಮರುವಾರ.

ಇನ್ನು ಭಾಗ್ಯಾ. ನಾಲ್ಕೈದು ದಿನದ ಹಿಂದೆ ಬೆಳಗ್ಗೆ ನಳದ ಮುಂದೆ ಕೊಡ ಇಟ್ಟುಕೊಂಡು ನಿಂತಿದ್ದಾಗ ಅವಳು ನನ್ನ ಹತ್ತಿರ ಸರಿದು, “ಅಕ್ಕಾ, ಮೊಳಕಾಲ ಕೆಳಗ ಎಲುಬಿನ್ಯಾಗ ಉರದಂಗ ಆಗ್ತೈತಿ. ನಡದ್ರ ಆಗಂಗಿಲ್ಲ, ಓಡಿದ್ರ ಆಗ್ತೈತಿ,” ಎಂದಳು.

“ಅವ್ವಗ ಹೇಳಿದೇನು?”

“ಹೇಳಿದ್ರ ಬಾಗೇವಾಡಿಗಿ ಕಳಸಂಗಿಲ್ಲ.”

“ತಡಿ ಹಂಗಾರ, ಕಾಕುಗ ಕೇಳೂಣು!” ಎಂದೆ. ಗುರುವಲ್ಲವೇ ನಾನು? ಕಲಿತು ಮುಗಿಸಿದ ಹೊಸ ಕಾಕು ಆಗಲೇ ನನ್ನ ಫೋನಿನಲ್ಲಿದ್ದಳು. ಸಂಜೆ ಶಾಲೆಯ ಮೈದಾನದಲ್ಲಿ ಭಾಗ್ಯಾಳನ್ನು ಕಂಬ ತಿರುಗಿಸಿ ವಿಡಿಯೋ ಮಾಡಿದೆ. ಕಾಕು ಒಂದು ಗಳಿಗೆ ಯೋಚಿಸಿ ಹಸಿರು ಬಣ್ಣ ತೋರಿಸಿದಳು. “ಅಪಾಯವಿಲ್ಲ. ನೀವು ಆಡಬಹುದು.”

“ನೋಡು! ಏನೂ ಇಲ್ಲ ನಿನಗ, ಬರೇ ನಾಟಕ,” ಎಂದು ನಾನು ಅವಳ ಕೆನ್ನೆ ಹಿಂಡಿದೆ. ಅವಳ ಮುಖ ಅರಳಿತು. “ಖರೇನ, ಈಗ ನೂಸವಲ್ದು ಅಕ್ಕಾ,” ಎಂದಳು. ಆ ವಿಡಿಯೋವನ್ನು ಡಾಕ್ಟರಿಗೂ ಕಳಿಸಿ ಕೆಳಗೆ ನಾಲ್ಕು ಹೃದಯ, ಎರಡು ಚಪ್ಪಾಳೆ ಒತ್ತಿದ್ದೆ.

ಬಾಗೇವಾಡಿಯ ಪೆಂಡಾಲಿನಲ್ಲಿ ಡಾಕ್ಟರ್ ಅಮಿತ ಮೈಕು ಹಿಡಿದು ನಿಂತಾಗ ಹಿಂದಿನ ದೊಡ್ಡ ಪರದೆಯ ಮೇಲೆ ಎರಡು ರಂಗೋಲಿಗಳು ಮೂಡಿದವು. ಚುಕ್ಕೆ ಗೆರೆಯ ಇಬ್ಬರು ಹುಡುಗಿಯರು. ಮುಖವಿಲ್ಲ, ಬಟ್ಟೆಯಿಲ್ಲ, ಬರೀ ಕೀಲು ಮತ್ತು ಎಲುಬು.

“ಎಡಗಡೆ ಇರೋದು ಕಾಕು ಮಾದರಿ ಅಂತ ಇಟ್ಕೊಂಡಿರೋ ಆಟಗಾರ್ತಿ. ಆರೋಗ್ಯದ ತಿರುವು ಹೆಂಗಿರ್ತೈತಿ ಅಂತ ಕಾಕು ಕಲತಿದ್ದು ಹೆಚ್ಚು ಇವರ ಕಡಿಂದ. ಬಲಗಡೆ ಇರಾಕಿ ಹತ್ತನೇತ್ತೆ ಹುಡುಗಿ, ಇಕಿಗಿ ಕಾಕು ಹಸರ ತೋರಸೇತಿ. ನೋಡ್ರಿ, ಏನರ ಫರಕ್ ಐತೇನು?”

ಎರಡೂ ರಂಗೋಲಿಗಳು ಓಡಿ ಬಂದವು. ಕಂಬ ಹಿಡಿದವು. ಗಿರ್ರನೆ ತಿರುಗಿದವು. ಬಲಗಾಲು ಊರಿದವು. ಪಟ್ಟನೆ ಎತ್ತಿ ಎಡಗಾಲಿಗೆ ಹಾರಿದವು.

ಎರಡೂ. ಒಟ್ಟಿಗೆ.

ಜನ ಚಪ್ಪಾಳೆ ತಟ್ಟಿದರು. ನನ್ನ ಕೈ ಮಾತ್ರ ಗಾಳಿಯಲ್ಲೇ ನಿಂತಿತು. ವಿಡಿಯೋ ಮತ್ತೆ ಮೊದಲಿನಿಂದ ಓಡಿತು. ಓಟ, ಕಂಬ, ತಿರುವು, ಕುಪ್ಪಳಿಕೆ. ಎಡಗಡೆಯದು ಸುಲ್ತಾನಾ ಅಕ್ಕ, ಅದರಲ್ಲಿ ಅನುಮಾನವೇ ಇಲ್ಲ. ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿದವಳು ನಾನು. ಬಲಗಡೆಯದು ನಮ್ಮ ಭಾಗ್ಯಾ.

ಅಕ್ಕ ನೋವಿಗೆ ಕಾಲು ಎತ್ತುತ್ತಿದ್ದಳು. ಎತ್ತಿ ಬಂದು ಕಾಕುವಿಗೆ ಆರಾಮ ಎನ್ನುತ್ತಿದ್ದಳು. ಕಾಕು ಪಾಪ, ಹೀಗೆ ಕಾಲು ಎತ್ತುವುದೇ ಆರಾಮ ಎಂದು ಕಲಿತುಬಿಟ್ಟಿದ್ದಾಳೆ! ನಾವೇ ಕಲಿಸಿದ್ದೇವೆ! ಭಾಗ್ಯಾಳ ಎಲುಬು ಉರಿಯುತ್ತಿತ್ತು. ಅದಕ್ಕೇ ಅವಳೂ ಕಾಲು ಎತ್ತಿದಳು. ಅದನ್ನು ನೋಡಿ ಕಾಕು ಹಸಿರು ತೋರಿಸಿದಳು. ನಾನು ಕೆನ್ನೆ ಹಿಂಡಿದೆ!

ನಾಳೆಯಿಂದ ನಾಲ್ಕು ತಾಲ್ಲೂಕಿನ ಯಾವ ಹುಡುಗಿ ಕಾಲು ಎತ್ತಿದರೂ ಕಾಕು ಆಡು ಎನ್ನುತ್ತಾಳೆ. ಅದು ನಾಳೆಯ ಮಾತು. ಈಗ, ಇನ್ನೊಂದು ಗಳಿಗೆಯಲ್ಲಿ, ಭಾಗ್ಯಾ ಆಡುತ್ತಾಳೆ.

ಕುರ್ಚಿ ಬೀಳಿಸಿಕೊಂಡು ಎದ್ದು ದುಂಡೇಶ ಸರ್ ಬಳಿಗೆ ಓಡಿದೆ. “ಸರ್, ಭಾಗ್ಯಾನ ಆಡಸಬ್ಯಾಡ್ರಿ. ಕಾಲಿಗಿ ಏನೋ ಆಗೈತಿ!”

“ಮಷೀನ ಹಸರ ತೋರಸೇತಿ. ನೀ ಏನ್ ಡಾಕ್ಟರೇನು?”

“ಮಷೀನ ತಪ್ಪ ಹೇಳಾಕತ್ತೈತ್ರಿ!”

“ನೀವ ಕಲಸಿದ್ದು, ಈಗ ತಪ್ಪ ಅಂತಿ? ಕುಂಡ್ರ ಹೋಗು, ಮಾನಾ ಕಳೀಬ್ಯಾಡ.”

ನನ್ನ ಕಿರುಚಾಟ ಕೇಳಿ ಡಾಕ್ಟರೇ ವೇದಿಕೆಯಿಂದ ಇಳಿದು ಬಂದರು. ಆಗಲೇ ಬೂಟಿನ ಲೇಸು ಕಟ್ಟುತ್ತಿದ್ದ ಭಾಗ್ಯಾಳ ಮುಂದೆ ಕುಕ್ಕರಗಾಲಲ್ಲಿ ಕೂತು, “ಕಾಲ ನೂಸ್ತೈತೇನಮ್ಮಾ?” ಎಂದರು.

ಭಾಗ್ಯಾ ಒಮ್ಮೆ ನನ್ನನ್ನು ನೋಡಿದಳು. ಒಮ್ಮೆ ಸಾಲಾಗಿ ನಿಂತಿದ್ದ ಅವಳ ತಂಡವನ್ನು. ಒಮ್ಮೆ ಹೊರಗೆ ಬದಲಿ ಆಟಗಾರ್ತಿಯರು ಕೂರುವ ಬೆಂಚನ್ನು.

“ಆರಾಮ ರಿ ಸರ್.”

“ಸುಳ್ಳ!” ನಾನು ಕೂಗಿದೆ. “ನಳದ ಮುಂದ ಏನ್ ಹೇಳಿದಿ ನೀ? ಕಾಲ ಯಾಕ ಎತ್ತತಿ ಹಂಗಾರ?”

“ಅದು ಸ್ಟೈಲ್ ರಿ ಸರ್. ಸುಲ್ತಾನಕ್ಕನ ಸ್ಟೈಲ್. ಎಲ್ಲಾರೂ ಮಾಡ್ತಾರ.” ಹೇಳಿ ನನ್ನ ಕಡೆ ನೋಡಿದಳು. “ನೀನ ಅಂದಿಯಲ್ಲ ಅಕ್ಕಾ, ಏನೂ ಇಲ್ಲ ಅಂತ?”

ತಿರುಗಿ ನೋಡಿದರೆ ಸುಲ್ತಾನಾ ಅಕ್ಕ ಕುರ್ಚಿಯಿಂದ ಎದ್ದು ಬಂದು ನನ್ನ ಹಿಂದೆಯೇ ನಿಂತಿದ್ದಳು. ಅಬ್ಬಾ, ಬಂದಳಲ್ಲ!

“ಅಕ್ಕಾ, ನೀ ಹೇಳು. ನಿನ್ನ ಕಾಲ…”

“ನನ್ನ ಕಾಲಿಗಿ ಏನಾಗೈತಿ?” ಎಂದಳು ಅಕ್ಕ. ದನಿ ತಣ್ಣಗಿತ್ತು. ಡಾಕ್ಟರ್ ನೋಡುತ್ತಿದ್ದರು, ದುಂಡೇಶ ಸರ್ ನೋಡುತ್ತಿದ್ದರು. “ಏನೇನರ ಮಾತಾಡಬ್ಯಾಡ ಸುವರ್ಣಾ. ತಂಗಿ ಅಂತ ಅಂಜಿಕಿ ಆಗೈತಿ ನಿನಗ, ಅಷ್ಟ.”

ಕ್ಯಾಂಪಿಗೆ ಇನ್ನೊಂದೇ ವಾರ ಇದೆ ಎನ್ನುವುದು ನನಗೂ ಗೊತ್ತಿತ್ತು. ಆದರೂ, ನನ್ನ ತೊಡೆಯ ಮೇಲೆ ಕಾಲು ಇಟ್ಟವಳು ನನ್ನ ಮುಖಕ್ಕೇ ಹೀಗೆ ಹೇಳಿದಾಗ ಕಿವಿ ಗುಂಯ್ ಎಂದಿತು. ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ಆಗುತ್ತಿರಲಿಲ್ಲವೇನೋ.

ಸೀಟಿ ಊದಿದರು.

ಸಿಂದಗಿ ಮತ್ತು ಮುದ್ದೇಬಿಹಾಳ. ಮೊದಲು ಬೆನ್ನಟ್ಟುವ ಸರದಿ ನಮ್ಮ ಹುಡುಗಿಯರದು. ಚೌಕಗಳಲ್ಲಿ ಒಬ್ಬಳು ಈಚೆ, ಒಬ್ಬಳು ಆಚೆ ಮುಖ ಮಾಡಿ ಕೂತರು. ಭಾಗ್ಯಾ ಕಂಬದ ಹತ್ತಿರದ ಚೌಕದಲ್ಲಿ. ಕಂಬದ ಪಕ್ಕ ಸ್ಟ್ಯಾಂಡಿನ ಮೇಲೆ ಫೋನು. ನಾನೂ ಅಕ್ಕನೂ ಗೆರೆಯ ಆಚೆ, ಒಂದು ಮೊಳ ದೂರದಲ್ಲಿ ನಿಂತಿದ್ದೆವು.

“ಖೋ!”

ಭಾಗ್ಯಾ ಎದ್ದಳು. ಬಾಣದಂತೆ ಹೋದಳು. ಕಂಬ ಹಿಡಿದು ತಿರುಗಿದಳು. ಬಲಗಾಲು ಊರಿದಳು, ಎತ್ತಿದಳು.

“ಹಾಂ! ಸುಲ್ತಾನಕ್ಕನ ಸ್ಟೈಲ್!” ಪೆಂಡಾಲಿನಿಂದ ಹುಡುಗಿಯರು ಕೇಕೆ ಹಾಕಿದರು.

ಅಕ್ಕ ಉಸಿರು ಒಳಗೆ ಎಳೆದುಕೊಂಡದ್ದು ನನಗೆ ಕೇಳಿಸಿತು. ಅವಳು ತನ್ನ ಕುಪ್ಪಳಿಕೆಯನ್ನು ಇಷ್ಟು ದಿನ ಮಾಡಿದ್ದಳು, ಹೊರಗೆ ನಿಂತು ಒಮ್ಮೆಯೂ ಕಂಡಿರಲಿಲ್ಲ. ಪರದೆಯ ಮೇಲೆ ಅದು ಚುಕ್ಕೆ ಗೆರೆ. ಇಲ್ಲಿ ಭಾಗ್ಯಾಳಿಗೆ ಮುಖವಿತ್ತು. ಕಾಲು ನೆಲಕ್ಕೆ ತಾಗಿದ ಆ ಚಣ ಅವಳ ತುಟಿ ಹಲ್ಲಿನ ಕೆಳಗೆ ಸಿಕ್ಕಿ ಬೆಳ್ಳಗಾಯಿತು, ಕಣ್ಣು ಮುಚ್ಚಿ ತೆರೆಯಿತು. ಅಷ್ಟರಲ್ಲಿ ಅವಳು ಖೋ ಕೊಟ್ಟು ಕೂತಾಗಿತ್ತು.

ಎರಡನೇ ಸಲ ಎದ್ದಳು. ಈ ಸಲ ಕಂಬದ ಹತ್ತಿರ ಬಾಯಿಂದ ಸಣ್ಣಗೆ ‘ಹಾ’ ಎಂದು ಬಂತು. ಜನರ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

“ಯಾ ಅಲ್ಲಾ,” ಎಂದಳು ಅಕ್ಕ. “ನಾನೂ ಹಿಂಗ… ಹಿಂಗ ಕಾಣತಿದ್ನೇನಲೇ?”

ನಾನು ಉತ್ತರ ಕೊಡುವಷ್ಟರಲ್ಲಿ ಅವಳು ಗೆರೆ ದಾಟಿದ್ದಳು. ಆಟ ನಡೆಯುತ್ತಿರುವ ಅಂಕಣದೊಳಗೆ, ಕುಂಟುತ್ತ! ಇಷ್ಟು ದಿನ ಮುಚ್ಚಿಟ್ಟ ಕುಂಟು, ಅಷ್ಟು ಜನರ ಎದುರು. ನೇರ ಕಂಬದ ಹತ್ತಿರ ಹೋಗಿ, ಎರಡೂ ಕೈಯಿಂದ ಅದನ್ನು ತಬ್ಬಿ ನಿಂತಳು. ಮೂರನೇ ಸಲ ತಿರುಗಲು ಓಡಿ ಬಂದ ಭಾಗ್ಯಾ ಅವಳ ಬೆನ್ನಿಗೆ ಬಡಿದು ನಿಂತಳು.

ಸೀಟಿಯ ಮೇಲೆ ಸೀಟಿ. ಪೆಂಡಾಲಿನಲ್ಲಿ ಜನ ಎದ್ದು ನಿಂತರು. ದುಂಡೇಶ ಸರ್ ಓಡಿ ಬಂದರು.

“ಏ ಸುಲ್ತಾನಾ, ಹುಚ್ಚ ಹಿಡದೈತೇನು? ಬಿಡು ಕಂಬ!”

“ಬಿಡಂಗಿಲ್ಲ ಸರ್.”

“ಟೀಮ್ ಔಟ್ ಮಾಡ್ತಾರ, ಬಿಡಲೇ!”

“ಮಾಡ್ಲಿ ಸರ್.” ಕಂಬಕ್ಕೆ ಬೆನ್ನು ಕೊಟ್ಟು ಕೂತು ಬೂಟು ಬಿಚ್ಚಿದಳು. ಸಾಕ್ಸು ಎಳೆದಳು. ಅದರೊಳಗೆ ಬಿಗಿದು ಸುತ್ತಿದ ಬ್ಯಾಂಡೇಜು ಸುರುಳಿ ಸುರುಳಿಯಾಗಿ ಬಿಚ್ಚಿತು.

ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಇಷ್ಟು ದಿನ ಸಾಕ್ಸಿನ ಮೇಲಿಂದ ಒತ್ತಿದ್ದೆನೇ ಹೊರತು ಒಮ್ಮೆಯೂ ಆ ಪಾದವನ್ನು ನೋಡಿರಲಿಲ್ಲ. ಪಾದದ ಹೊರಬದಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಗಿಣ್ಣು ಎಲ್ಲಿದೆ ಎನ್ನುವುದೇ ತಿಳಿಯುತ್ತಿರಲಿಲ್ಲ.

“ಅದು ಸ್ಟೈಲ್ ಅಲ್ರಿ ಡಾಕ್ಟರ,” ಎಂದಳು. “ಕಾಲ ಊರಾಕ ಆಗಂಗಿಲ್ಲ ನನಗ. ಅದಕ್ಕ ಎತ್ತತೇನಿ. ಇಂಡಿ ಮ್ಯಾಚಿನಿಂದ ಹಿಂಗ ಐತಿ.”

ಡಾಕ್ಟರ್ ಅಮಿತ ಆ ಪಾದವನ್ನು ನೋಡಿದರು. ಪರದೆಯ ಕಡೆ ನೋಡಿದರು. ಅಲ್ಲಿ ಇನ್ನೂ ಆ ಎರಡು ರಂಗೋಲಿಗಳು ತಿರುಗುತ್ತಿದ್ದವು, ಕುಪ್ಪಳಿಸುತ್ತಿದ್ದವು.

“ಆದ್ರ… ದಿನಾ ಕೇಳ್ತಿತ್ತಲ್ಲ ಅದು ನಿಮಗ?”

“ದಿನಾ ಸುಳ್ಳ ಹೇಳೇನ್ರಿ.”

“ನೀವೊಬ್ಬರೇನು?”

ಅಕ್ಕ ತಲೆ ಎತ್ತಿದಳು. ಬಿಳಿ ಕುರ್ಚಿ ಬಿಟ್ಟು ಗೆರೆಯ ಹತ್ತಿರ ಓಡಿ ಬಂದಿದ್ದ ನಮ್ಮ ತಂಡವನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಎದೆ ತುಂಬ ಉಸಿರು ತುಂಬಿಕೊಂಡು, ಅಂಕಣಕ್ಕೆ ಇಳಿಯುವ ಮೊದಲು ಕೂಗುವಂತೆಯೇ, ಗಂಟಲು ಹರಿಯುವಂತೆ ಕೂಗಿದಳು.

“ಹೆಂಗದೀರಿ?”

ಅಭ್ಯಾಸ ಎಂದರೆ ಅಭ್ಯಾಸ. ನಮ್ಮೆಲ್ಲರ ಬಾಯಿ ತೆರೆಯಿತು. ‘ಆ’ ಎನ್ನುವಷ್ಟು ತೆರೆದು ಹಾಗೇ ನಿಂತಿತು. ಅಷ್ಟು ದೊಡ್ಡ ಮೈದಾನದಲ್ಲಿ ಪೆಂಡಾಲಿನ ಬಟ್ಟೆ ಪಟಪಟ ಹೊಡೆದುಕೊಳ್ಳುವುದು ಬಿಟ್ಟರೆ ಸಪ್ಪಳವಿಲ್ಲ.

“ಮೊಳಕಾಲ ಅಕ್ಕಾ,” ಎಂದೆ ನಾನು. ನನ್ನ ದನಿ ನನಗೇ ಹೊಸದೆನಿಸಿತು. “ಎಡಗಡಿದು. ಮೆಟ್ಟಲಾ ಇಳಿಯೂ ಮುಂದ ಗೋಡಿ ಹಿಡೀತೇನಿ.”

“ನನಗ ಹಿಮ್ಮಡ,” ಎಂದಿತು ಹಿಂದಿನಿಂದ ಒಂದು ದನಿ. “ಮುಂಜಾನೆದ್ದು ನೆಲಕ್ಕ ಕಾಲ ಇಟ್ರ ಜೀವ ಹ್ವಾದಂಗ ಆಗ್ತೈತಿ.”

“ನನ್ನ ಭುಜ. ಜಡಿ ಹಾಕೊಳ್ಳಾಕ ಆಗಂಗಿಲ್ಲ, ಅವ್ವ ಹಾಕ್ತಾಳ.”

“ನನಗ ಸೊಂಟ.”

“ನನಗೂ.”

ನಾವು ಗೆಳತಿಯರು, ಒಂದೇ ತಾಟಿನಲ್ಲಿ ಉಂಡವರು. ಆದರೂ ಒಬ್ಬಳ ನೋವು ಇನ್ನೊಬ್ಬಳಿಗೆ ಗೊತ್ತಿರಲಿಲ್ಲ! ಪ್ರತಿ ಮಾತಿಗೂ ತಿರುಗಿ ತಿರುಗಿ ನೋಡಿದೆವು. ನಿನಗೂ? ನಿನಗೂ ಏನಲೇ? ಅಷ್ಟರಲ್ಲಿ ಅಂಕಣದ ಒಳಗಿನಿಂದ, ಮುದ್ದೇಬಿಹಾಳದ ತಂಡದ ಒಂದು ಹುಡುಗಿ, ಯಾರೂ ಕೇಳದೆಯೇ ಕೈ ಎತ್ತಿ, “ನನಗ ಇಲ್ಲಿ,” ಎಂದು ತೊಡೆಯ ಹಿಂಭಾಗ ತೋರಿಸಿದಳು. ಅವಳ ಪಕ್ಕದವಳೂ ತೋರಿಸಿದಳು. ಡಾಕ್ಟರ್ ಬೆರಗಾಗಿ ಸುತ್ತ ತಿರುಗಿ ನೋಡುತ್ತಲೇ ಇದ್ದರು, ಯಾವ ಕಡೆಯಿಂದ ಇನ್ನೇನು ಬರುತ್ತದೋ ಎಂಬಂತೆ.

“ನನ್ನ ಮೊಳಕಾಲೂ ಹೋಗೈತ್ರಿ,” ಎಂದರು ದುಂಡೇಶ ಸರ್. ನೆಲ ನೋಡುತ್ತ, ಯಾರಿಗೋ ಗುಟ್ಟು ಹೇಳಿದ ಹಾಗೆ. “ಆಡೂ ಕಾಲಕ್ಕ ಹ್ವಾದದ್ದು. ನಮ್ಮ ಸರ ಹೇಳಿದ್ರು, ಆರಾಮ ಅನ್ನು ಅಂತ.”

ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ.

ಭಾಗ್ಯಾ ಇನ್ನೂ ಕಂಬದ ಹತ್ತಿರವೇ ನಿಂತಿದ್ದಳು, ಬಲಗಾಲಿನ ಹಿಮ್ಮಡಿ ಎತ್ತಿಕೊಂಡ ಕೊಕ್ಕರೆಯಂತೆ. ಸುಲ್ತಾನಾ ಅಕ್ಕ ಕೂತಲ್ಲಿಂದಲೇ ಅವಳ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

“ಈಗ ನೀ ಹೇಳವಾ. ನನ್ನ ಕಾಲ ನೋಡಿ ಹೇಳು.”

ಭಾಗ್ಯಾ ಆ ಬದನೆಕಾಯಿ ಬಣ್ಣದ ಪಾದವನ್ನು ನೋಡಿದಳು. ಡಾಕ್ಟರ್ ಮಣ್ಣಿನಲ್ಲೇ ಮಂಡಿಯೂರಿ, ಅವಳ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತ ಕೆಳಗಿಳಿದರು. ಒಂದು ಕಡೆ ಬಂದ ಕೂಡಲೇ ಅವಳು ಕಿರುಚಿದ ಕಿರುಚು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ಡಾಕ್ಟರ್ ಕೈ ಹಿಂದಕ್ಕೆ ತೆಗೆದುಕೊಂಡರು. “ಎಲುಬಿನ್ಯಾಗ ಸೀಳ ಬಿಟ್ಟೈತಿ ಅನ್ನಸ್ತೈತಿ. ಎಕ್ಸ್‌ರೇ ಬೇಕು. ಇದರ ಮ್ಯಾಲ ಇನ್ನೂ ತಿರುಗಿದ್ರ ಪೂರ್ತಿ ಮುರೀತಿತ್ತು.” ಹೇಳುತ್ತ ಹೇಳುತ್ತ ಅವರ ದನಿ ಸಣ್ಣದಾಯಿತು. “ಈಗಷ್ಟ ನಾನ ಇಲ್ಲಿ ನಿಂತು ಎಲ್ಲಾರಿಗಿ ತೋರಿಸೇನಿ ಇದನ್ನ.”

ನಾನು ಭಾಗ್ಯಾಳ ಹಿಂದೆ ಹೋಗಿ ಕೂತು ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ. ಜಡೆಯಲ್ಲಿದ್ದ ಸೇವಂತಿಗೆ ಯಾವಾಗಲೋ ಬಿದ್ದುಹೋಗಿತ್ತು.

ಡಾಕ್ಟರ್ ಎದ್ದು, ಮೈಕಿನ ಹುಡುಗನಿಗೆ ಸನ್ನೆ ಮಾಡಿ ಪರದೆ ಆರಿಸಿದರು. ಇವತ್ತು ಯಾರಿಗೂ ಆ್ಯಪ್ ಕೊಡುವುದಿಲ್ಲ ಎಂದರು. ಸ್ಟ್ಯಾಂಡಿನ ಮೇಲಿದ್ದ ಫೋನು ತೆಗೆದುಕೊಂಡು ಬಂದು ಸುಲ್ತಾನಾ ಅಕ್ಕನ ಮುಂದೆ ಹಿಡಿದರು. ಅದರಲ್ಲಿ ಭಾಗ್ಯಾಳ ಹೆಸರಿನ ಮುಂದೆ ಹಸಿರು ಇನ್ನೂ ಹೊಳೆಯುತ್ತಿತ್ತು.

“ಮೊದಲಿಂದ ಕಲಸ್ತೀರೇನು ಇದಕ್ಕ? ಎಲ್ಲಾ ಹಳೀ ವಿಡಿಯೋ ಒಂದೊಂದ ಹಾಕ್ತೇನಿ. ಅವತ್ತ ಎಲ್ಲಿ ನೂಸ್ತಿತ್ತು ಅಂತ ಖರೇ ಹೇಳ್ಬೇಕು.”

“ನಾನೊಬ್ಬಾಕಿ ಆಗಂಗಿಲ್ರಿ. ಇವರೆಲ್ಲಾರೂ ಬರ್ಬೇಕು,” ಎಂದಳು ಅಕ್ಕ. ಬರಿಗಾಲನ್ನು ಒಮ್ಮೆ ನೋಡಿಕೊಂಡಳು. “ನನಗ ಈಗ ಕ್ಯಾಂಪ್ ಇಲ್ಲ. ಟೈಮ್ ಐತಿ.”

ದುಂಡೇಶ ಸರ್ ಬಿದ್ದಿದ್ದ ಅವಳ ಬ್ಯಾಂಡೇಜನ್ನು ಬಗ್ಗಿ ಎತ್ತಿಕೊಂಡು, ಮಣ್ಣು ಕೊಡವಿ, ಮಡಚತೊಡಗಿದರು.

ಡಾಕ್ಟರ್ ಫೋನಿನಲ್ಲಿ ಹಳೆಯ ಪ್ರಶ್ನೆಯನ್ನು ಮತ್ತೆ ತೆರೆದರು. ಮಧ್ಯಾಹ್ನದ ಬಿಸಿಲಲ್ಲಿ, ಕಂಬದ ಸುತ್ತ ಎರಡೂ ತಂಡ ಗುಂಪುಗೂಡಿ ಕೂತಿರುವಾಗ, ಅದೇ ಹೆಂಗಸಿನ ದನಿ, ಅದೇ ಶಾಲೆಯ ಪುಸ್ತಕದ ಮಾತು: “ಇಂದು ನಿಮ್ಮ ಶರೀರದ ಯಾವ ಭಾಗದಲ್ಲಿ ವೇದನೆಯಿದೆ?”

ಯಾರೂ ನಗಲಿಲ್ಲ. ಅಕ್ಕ ಫೋನನ್ನು ತನ್ನ ಬಾಯಿಯ ಹತ್ತಿರ ಒಯ್ಯದೆ ಭಾಗ್ಯಾಳ ಕಡೆ ತಿರುಗಿಸಿದಳು. ಭಾಗ್ಯಾ ಮೂಗು ಒರೆಸಿಕೊಂಡು, ಕಾಲು ಮುಂದೆ ಚಾಚಿ, ಫೋನಿಗೆ ಕಾಣುವಂತೆ ಬೆರಳು ಇಟ್ಟು ತೋರಿಸಿದಳು.

“ಇಲ್ಲಿ ಕಾಕು,” ಎಂದಳು. “ಭಾಳ ನೂಸ್ತೈತಿ.”